ಬೆಸುಗೆಯ ಪಕ್ಕ

ದನ ಸಾಗಿಸುವ ಟ್ರೇಲರ್ ರಿಪೇರಿಗೆ ಬಂತೆಂದರೆ ಶೆಡ್ಡಿನೊಳಗೆ ಮೊದಲು ಕಾಲಿಡುವುದು ಅದರ ವಾಸನೆ, ಆಮೇಲೆ ಡ್ರೈವರ್, ಕಡೆಗೆ ಟ್ರೇಲರ್. ಎಷ್ಟು ತೊಳೆದು ತಂದರೂ ಅಷ್ಟೇ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಮಾರುವವರು ಆಣೆ ಮಾಡಿ ಹೇಳುತ್ತಾರೆ. ಹದಿನೈದು ವರ್ಷ ದನದ ಗಂಜಲ ಕುಡಿದ ಅಲ್ಯೂಮಿನಿಯಮ್ಮನ್ನು ಅವರು ನೋಡಿರುವುದಿಲ್ಲ. ರಬ್ಬರ್ ಹಾಸು ಎತ್ತಿದರೆ ಕೆಳಗೆ ಬಿಳಿ ಪುಡಿ, ಪುಡಿಯ ಕೆಳಗೆ ತೂತು, ತೂತಿನ ಕೆಳಗೆ ರಸ್ತೆ.

ಇಂಥ ಹಳೆಯ ಗಾಡಿಗಳಿಗೆ ಆ ಸುತ್ತಿನಲ್ಲಿ ಇದ್ದದ್ದು ಒಂದೇ ಶೆಡ್ಡು. ಅದನ್ನು ಕಟ್ಟಿದ ಮುದುಕರಿಗೆ ಡ್ರೈವರುಗಳೆಲ್ಲ ಅಜ್ಜ ಎನ್ನುತ್ತಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದವಳು ಸೊಸೆ, ಅವಳಿಗೆ ಅವರು ಮಾವ. ನಡುವೆ ಇರಬೇಕಾಗಿದ್ದ ಮಗ ಹದಿನಾರನೇ ವಯಸ್ಸಿನಲ್ಲಿ ವೆಲ್ಡಿಂಗ್ ಮೆಶೀನಿನಿಂದ ಒಂದು ಶಾಕ್ ತಿಂದವನು ಅಂದಿನಿಂದ ಕಾಗದಕ್ಕೆ ನಿಷ್ಠನಾಗಿ, ನಗರಸಭೆಯಲ್ಲಿ ನೀರಿನ ಕಂದಾಯದ ಗುಮಾಸ್ತನಾಗಿದ್ದ. ಮಾವ ಅವನ ಆಸೆ ಬಿಟ್ಟು, ಮದುವೆಯಾದ ಎರಡನೇ ತಿಂಗಳಿಗೇ ಸೊಸೆಯನ್ನು ಕರೆದು ಕೇಳಿದ್ದರು:

“ಹೊಲಿಗೆ ಬರುತ್ತಾ?”

“ಬರುತ್ತೆ ಮಾವ.”

“ಹಾಗಾದ್ರೆ ಇದೂ ಬರುತ್ತೆ. ಇಲ್ಲಿ ಸೂಜಿ ಸ್ವಲ್ಪ ಬಿಸಿ, ಅಷ್ಟೆ.”

ಕಲಿಸುವಾಗ ಬೈಗುಳವೇ ಹೆಚ್ಚು, ಪಾಠ ಕಡಿಮೆ. ಆದರೂ ಎರಡು ಪಾಠಗಳನ್ನು ಅವರು ತಿಂಗಳಿಗೊಮ್ಮೆಯಾದರೂ ಒಪ್ಪಿಸುತ್ತಿದ್ದರು. “ಕಬ್ಬಿಣ ಮರ್ಯಾದಸ್ಥ. ಕರಗೋ ಮೊದಲು ಕೆಂಪಾಗಿ ಹೇಳುತ್ತೆ. ಈ ಅಲ್ಯೂಮಿನಿಯಂ ಹೇಳಲ್ಲ. ಬೆಳ್ಳಗೆ ನಿಂತಿರುತ್ತೆ, ನಿಂತೇ ಇರುತ್ತೆ, ಆಮೇಲೆ ದಬಕ್ಕಂತ ಕಾಲ ಮೇಲೆ ಬೀಳುತ್ತೆ.” ಇನ್ನೊಂದು: “ಒಂದು ಜಾಗ ಒಂದೇ ಸಲ ಕಾಯಿಸು. ಬೆಸುಗೆ ಗಟ್ಟಿ ಆಗೋವಾಗ ಅದರ ಪಕ್ಕದ ಲೋಹ ಮೆತ್ತಗಾಗುತ್ತೆ. ಎರಡು ಸಲ ಕಾಯಿಸಿದ್ರೆ ಇನ್ನೂ ಮೆತ್ತಗೆ. ಮುರಿಯೋದು ಬೆಸುಗೆ ಅಲ್ಲ ಕಣಮ್ಮ, ಬೆಸುಗೆ ಪಕ್ಕ.”

ಹತ್ತು ವರ್ಷದಲ್ಲಿ ಅವಳ ಕೈ ಪಳಗಿತು. ಆ ಹೊತ್ತಿಗೆ ಮಾವನ ಕಣ್ಣು ಕೈಕೊಡಲು ಶುರುಮಾಡಿತ್ತು.

ಅದು ಅವಳಿಗೆ ಗೊತ್ತಾದದ್ದು ಅವರು ವೆಲ್ಡಿಂಗ್ ಮುಖವಾಡ ಹಾಕಿಕೊಂಡು ತಲೆ ಓರೆ ಮಾಡುವುದನ್ನು ನೋಡಿ. ಕೋಳಿ ಕಾಳನ್ನು ನೋಡುವುದಿಲ್ಲವೇ, ಪಕ್ಕದ ಕಣ್ಣಿನಲ್ಲಿ, ಹಾಗೆ. ನಲವತ್ತು ವರ್ಷ ಬೆಂಕಿಯನ್ನೇ ನೋಡಿದ ಕಣ್ಣು ನೇರವಾದದ್ದನ್ನು ಬಿಟ್ಟು ಪಕ್ಕದ್ದನ್ನೆಲ್ಲ ನೋಡುತ್ತಿತ್ತು. ಒಂದು ದಿನ ಅವರು ಮಾಡಿದ್ದ ನೆಲದ ಪಟ್ಟಿಯನ್ನು ಅವಳು ಬಗ್ಗಿ ನೋಡಿದಳು. ಜೋಡಣೆ ಒಂದು ಕಡೆ, ಬೆಸುಗೆ ಅರ್ಧ ಬೆರಳು ಆಚೆ. ನೆಂಟರ ಮನೆಗೆಂದು ಹೊರಟವನು ಪಕ್ಕದ ಮನೆಯಲ್ಲಿ ಹೋಗಿ ಕೂತ ಹಾಗೆ.

ಹೇಳಬಹುದಿತ್ತು. ಆದರೆ ಮಾವನ ಕೈಯಿಂದ ವೆಲ್ಡಿಂಗ್ ಟಾರ್ಚ್ ಕಿತ್ತುಕೊಂಡರೆ ಉಳಿಯುವುದೇನು ಎಂದು ಅವಳು ಲೆಕ್ಕ ಹಾಕಿದಳು: ಒಂದು ಕೆಮ್ಮು, ಒಂದು ಮುಂಗೋಪ, ಮತ್ತು ಅತ್ತೆಯ ಜೊತೆ ಇಡೀ ದಿನ. ಅತ್ತೆಯ ಮೇಲೂ ಅವಳಿಗೆ ಕರುಣೆಯಿತ್ತು. ಮಾವ ಊಟ ಮುಗಿಸಿ ಹಿಂದಿನ ಮನೆಯಲ್ಲಿ ಎರಡರಿಂದ ನಾಲ್ಕರವರೆಗೆ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ಅವಳು ಅವರ ಬೆಸುಗೆಯನ್ನು ಗ್ರೈಂಡರಿನಿಂದ ತೆಗೆದು ಹೊಸದಾಗಿ ಹಾಕಿದಳು, ಅವರು ಏಳುವುದರೊಳಗೆ ಗಾಡಿಯನ್ನು ಕಳಿಸಿಬಿಟ್ಟಳು. “ಮೆಶೀನ್ ಸದ್ದು ಕೇಳ್ತಿತ್ತಲ್ಲ?” ಎಂದರು ಮಾವ. ತುಂಡುಗಳ ಮೇಲೆ ಅಭ್ಯಾಸ ಮಾಡುತ್ತಿದ್ದೆ ಎಂದಳು. ಅವರಿಗೆ ಹಿಗ್ಗೋ ಹಿಗ್ಗು. ಸಂಜೆ ಮಗನಿಗೆ ಹೇಳಿದರು: “ನೋಡು, ಊಟ ಆದಮೇಲೂ ಕಲಿಯೋರು ಇದಾರೆ ಪ್ರಪಂಚದಲ್ಲಿ.”

ಒಂದು ಸಲ ಹಾಗೆ ಮಾಡಿದ ಮೇಲೆ ಇನ್ನೊಂದು ಸಲ ಮಾಡದಿರುವುದು ಹೇಗೆ? ಯಾವುದು ತಪ್ಪಿದೆ, ಯಾವುದು ಬರೀ ಸೊಟ್ಟಗಿದೆ ಎಂದು ಒಂದೊಂದನ್ನೂ ಪರೀಕ್ಷಿಸಲು ಎರಡು ಗಂಟೆ ಸಾಲದು. ಎಲ್ಲವನ್ನೂ ಮತ್ತೆ ಮಾಡಿಬಿಡುವುದು ಸುಲಭ. ಮಾವನ ಎರಡನೇ ಪಾಠ ಅವಳಿಗೆ ಮರೆತಿರಲಿಲ್ಲ. ಆದರೆ ಜೋಡಣೆಯೇ ಆಗದಿರುವುದಕ್ಕಿಂತ ಸ್ವಲ್ಪ ಮೆತ್ತಗಾಗುವುದು ಮೇಲಲ್ಲವೇ ಎಂದು ತನಗೆ ತಾನೇ ವಕಾಲತ್ತು ಮಾಡಿಕೊಂಡಳು. ಹೀಗೆ ಎರಡು ವರ್ಷ ನಡೆಯಿತು. ಗಿರಾಕಿಗಳಲ್ಲಿ ಒಬ್ಬನೂ ಮಾವನೆದುರು ನಿಂತು ನಿಮಗೆ ಕಣ್ಣು ಕಾಣುವುದಿಲ್ಲ ಎನ್ನಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಅವಳ ಈ ಮಧ್ಯಾಹ್ನದ ಗುಟ್ಟು ಗೊತ್ತಿದ್ದವನು ಒಬ್ಬನೇ, ಹಾರನ್ ಎಂಬ ಡ್ರೈವರ್. ಅವನ ಗಾಡಿಯ ಹಾರನ್ ಕೆಟ್ಟು ಯಾವ ಕಾಲವಾಗಿತ್ತೋ, ಕಿಟಕಿಯಿಂದ ತಲೆ ಹಾಕಿ ತಾನೇ ಕೂಗುತ್ತಿದ್ದ. ಹೆಸರು ಹಾಗೆ ಬಂದದ್ದು. ಅವನು ನಡುಗೇಟಿನ ಕಂಬ ಬಿರುಕು ಬಿಟ್ಟಿದೆಯೆಂದು ಗಾಡಿ ತಂದ. ನಡುಗೇಟೆಂದರೆ ಟ್ರೇಲರಿನ ಮಧ್ಯೆ ಅಡ್ಡಕ್ಕೆ ಮುಚ್ಚುವ ಬಾಗಿಲು. ಅದರ ಮುಂದೆ ಹೋರಿಗಳು, ಹಿಂದೆ ಕರುಗಳು. ಏರು ಹತ್ತುವಾಗ ಹೋರಿಗಳ ಭಾರವೆಲ್ಲ ಆ ಬಾಗಿಲ ಮೇಲೆ, ಬಾಗಿಲಿನ ಭಾರವೆಲ್ಲ ಆ ಒಂದು ಕಂಬದ ಮೇಲೆ.

ಬೆಳಿಗ್ಗೆ ಮಾವ ಕಂಬಕ್ಕೆ ಬೆಸುಗೆ ಹಾಕಿ, ಹೆಬ್ಬೆರಳಿನಿಂದ ಸವರಿ ತೃಪ್ತರಾಗಿ ಊಟಕ್ಕೆ ಹೋದರು. ಮಧ್ಯಾಹ್ನ ಸೊಸೆ ಗ್ರೈಂಡರ್ ಎತ್ತಿಕೊಂಡಳು. ಹಳೆಯ ಟೈರಿನ ಮೇಲೆ ಕೂತಿದ್ದ ಹಾರನ್ ಹೇಳಿದ:

“ಅಕ್ಕ, ಅದೊಂದನ್ನ ಬಿಟ್ಬಿಡಿ. ಅಜ್ಜನ ಬೆಸುಗೆ ನನ್ನ ಅಕ್ಷರದ ಹಾಗೆ. ನೋಡೋಕೆ ಚೆಂದ ಇಲ್ಲ, ಹೇಳಬೇಕಾದ್ದು ಹೇಳಿರುತ್ತೆ.”

“ನಿನ್ನ ಅಕ್ಷರ ತಪ್ಪಾದ್ರೆ ಯಾರೂ ಸಾಯಲ್ಲ.”

“ಮದುವೆಗೆ ಮುಂಚೆ ಒಬ್ಬಳಿಗೆ ಕಾಗದ ಬರೆದಿದ್ದೆ. ಆಮೇಲೆ ನನ್ನ ಗತಿ ಏನಾಯ್ತು ನೋಡ್ತಾನೇ ಇದೀರಲ್ಲ.”

ಅವಳು ನಕ್ಕಳು. ಬಗ್ಗಿ ನೋಡಿದಳು. ಬೆಸುಗೆ ಜೋಡಣೆಯ ಮೇಲೆಯೇ ಕೂತಿತ್ತು, ಎರಡೂ ಬದಿಗೆ ಆಳವಾಗಿ ಕಚ್ಚಿತ್ತು. ಸೊಟ್ಟಗಿತ್ತು, ಅಷ್ಟೆ, ಕುಡಿದವನು ಓಣಿಯಲ್ಲಿ ನಡೆದು ಮನೆ ಮುಟ್ಟಿದ ಹಾಗೆ. ಅವಳ ಕೈ ಒಂದು ಕ್ಷಣ ನಿಂತಿತು. ಹೀಗೇ ಕಳಿಸಿದರೆ ಮುಂದಿನ ಊರಿನ ಡ್ರೈವರುಗಳು ನೋಡಿ ನಗುತ್ತಾರೆ ಎಂದುಕೊಂಡಳು. ಗ್ರೈಂಡರ್ ಶುರುವಾಯಿತು. ಮೂರೂವರೆಗೆಲ್ಲ ಆ ಜಾಗದಲ್ಲಿ ಬಳೆ ಜೋಡಿಸಿಟ್ಟಂಥ ಬೆಸುಗೆ ಹೊಳೆಯುತ್ತಿತ್ತು.

“ಬಂಗಾರದ ಅಂಗಡಿ ಇಡಿ ಅಕ್ಕ,” ಎಂದ ಹಾರನ್. ಹೊರಡುವಾಗ ಕಿಟಕಿಯಿಂದ ತಲೆ ಹಾಕಿ ಬೀದಿಗೆಲ್ಲ ಕೇಳುವಂತೆ ಕೂಗಿದ.

ಒಂಬತ್ತನೇ ದಿನ ಒಂದು ಏರಿನಲ್ಲಿ ಕಂಬ ಕಿತ್ತುಬಂತು. ಹೋರಿಗಳು ಗೇಟಿನ ಸಮೇತ ಕರುಗಳ ಮೇಲೆ ಬಿದ್ದವು. ಹಾರನ್ ಗಾಡಿ ನಿಲ್ಲಿಸಿ, ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿ, ಎರಡು ಕರುಗಳನ್ನು ಎಳೆದು ಹೊರಹಾಕಿದ. ಮೂರನೆಯದಕ್ಕೆ ಬಗ್ಗಿದಾಗ ಒಂದು ಹೋರಿ ತಿರುಗಿತು. ಗೇಟಿಗೂ ಗೋಡೆಗೂ ನಡುವೆ ಅವನಿದ್ದ. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಮಣ್ಣಿಗೆ ಹೋದಾಗ ಅವನ ಹೆಂಡತಿ ಸೊಸೆಯ ಕೈ ಹಿಡಿದುಕೊಂಡಳು. ಅಳಲಿಲ್ಲ. “ಗಾಡಿ ರಿಪೇರಿ ಆಯ್ತು, ಅಕ್ಕ ಮಾಡಿಕೊಟ್ಟಿದಾರೆ, ಇನ್ನು ಭಯ ಇಲ್ಲ ಅಂದಿದ್ರು,” ಎಂದಳು. ಸಮಾಧಾನ ಹೇಳುವವಳ ದನಿಯಲ್ಲಿ.

ನಾಲ್ಕನೇ ದಿನ ಗಾಡಿಯ ಯಜಮಾನ ಕಂಬದ ತುಂಡನ್ನು ಗೋಣಿಯಲ್ಲಿ ಸುತ್ತಿಕೊಂಡು ಶೆಡ್ಡಿಗೆ ಬಂದ. ಜಗಳಕ್ಕೆ ತಯಾರಾಗಿ ಬಂದವನು, ಮುದುಕರನ್ನು ನೋಡಿ ಜಗಳ ಎಲ್ಲಿಂದ ಶುರುಮಾಡಬೇಕೋ ತಿಳಿಯದೆ, ತುಂಡನ್ನು ಬೆಂಚಿನ ಮೇಲಿಟ್ಟು, “ನೋಡಿ ಅಜ್ಜ, ನೀವೇ ನೋಡಿ,” ಎಂದ.

ಮಾವ ನೋಡಲಿಲ್ಲ. ಹೆಬ್ಬೆರಳು ಇಟ್ಟರು. ಬೆಸುಗೆಯ ಮೇಲೆ ಒಂದು ಸಲ ಹೋಯಿತು ಬೆರಳು, ನಿಂತಿತು, ಹಿಂದಕ್ಕೆ ಬಂತು. ತಮ್ಮದಲ್ಲದ ನುಣುಪು ಅದಕ್ಕೆ ಸಿಕ್ಕಿರಬೇಕು. ಆಮೇಲೆ ಪಕ್ಕಕ್ಕೆ ಸರಿದು, ಮುರಿದ ಅಂಚನ್ನು ನಿಧಾನವಾಗಿ ಸವರಿತು. ಸೊಸೆ ಗ್ಯಾಸ್ ಸಿಲಿಂಡರಿನ ಪಕ್ಕ ನಿಂತಿದ್ದಳು. ಅವರು ಅವಳ ಕಡೆ ತಲೆ ಓರೆ ಮಾಡಿದರು.

“ಇದು ನಂದು,” ಎಂದರು ಯಜಮಾನನಿಗೆ. “ನನಗೆ ಕಣ್ಣು ಕಾಣಲ್ಲ. ಎರಡು ವರ್ಷ ಆಯ್ತು. ನೋಡಿದ ಕಡೆ ಒಂದು ಕಪ್ಪು ಬೊಟ್ಟು, ಅದರ ಸುತ್ತ ಮಾತ್ರ ಲೋಕ. ಯಾರಿಗೂ ಹೇಳಲಿಲ್ಲ. ತಪ್ಪು ನಂದೇ.”

“ಇಲ್ಲ,” ಎಂದಳು ಸೊಸೆ. “ಮಾವನ ಬೆಸುಗೆ ಸರಿಯಾಗಿತ್ತು. ನಾನು ಅದನ್ನ ತೆಗೆದು ಮತ್ತೆ ಮಾಡಿದೆ. ನನ್ನಿಂದ ಮುರಿದದ್ದು.”

ಯಜಮಾನ ಅವಳನ್ನು ನೋಡಿದ. ಅವನ ಮುಖ ಮೆತ್ತಗಾಯಿತು. “ನೋಡಿದ್ರಾ ಅಜ್ಜ, ತಪ್ಪನ್ನ ತನ್ನ ಮೈಮೇಲೆ ಹಾಕ್ಕೊಳ್ತಿದಾಳೆ. ಈ ಕಾಲದಲ್ಲಿ ಇಂಥ ಸೊಸೆ ಯಾರಿಗೆ ಸಿಗ್ತಾಳೆ?”

“ನಾನು ನಿಜ ಹೇಳ್ತಿದೀನಿ.”

“ಗೊತ್ತಮ್ಮ, ಗೊತ್ತು. ಇನ್ಮೇಲೆ ನನ್ನ ಗಾಡಿಗೆಲ್ಲ ನೀನೇ ಕೈ ಹಾಕು. ಅಜ್ಜ ಮುಟ್ಟೋದು ಬೇಡ.”

ಅವನು ಹೋದ. ಬಂದಾಗಿನ ಸಿಟ್ಟು ಇಳಿದು, ಒಳ್ಳೆಯದೊಂದನ್ನು ಕಂಡವನ ನಡಿಗೆಯಲ್ಲಿ ಹೋದ. ಮಾವ ಬೆಂಚಿನ ಮೇಲೆ ಕೂತರು.

“ಎಷ್ಟು ಗಾಡಿ?”

“ಹನ್ನೊಂದು. ಇದು ಬಿಟ್ಟು.”

“ನಾನು ತಪ್ಪಿದ್ದು?”

“ನಾಲ್ಕೈದು ಕಡೆ.”

“ಉಳಿದದ್ದೆಲ್ಲ ಸರಿ ಇತ್ತು.”

ಅವಳು ಕಂಬದ ತುಂಡನ್ನು ಮತ್ತೆ ಗೋಣಿಯಲ್ಲಿ ಸುತ್ತಿದಳು.

“ಹೇಳಬಾರದಿತ್ತೇನಮ್ಮ?”

“ಹೇಗೆ ಹೇಳೋದು ಮಾವ?”

“ಒಂದು ವಾರ ಬೈತಿದ್ದೆ. ಊಟ ಬಿಡ್ತಿದ್ದೆ, ಎರಡು ಹೊತ್ತು. ಅಷ್ಟೇ ತಾನೇ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. “ಫೋನ್ ತಗೋ. ಹನ್ನೊಂದನ್ನೂ ಕರೆಸು. ಮುದುಕನಿಗೆ ಕಣ್ಣು ಹೋಗಿತ್ತು, ಅವನ ಕೆಲಸ ನಂಬೋ ಹಾಗಿಲ್ಲ ಅನ್ನು. ಓಡಿ ಬರ್ತಾರೆ. ನಿನ್ನ ಹೆಸರು ಹೇಳಿದ್ರೆ ಆಗಲೇ ನೋಡಿದೆಯಲ್ಲ, ಒಬ್ಬನೂ ನಂಬಲ್ಲ.”

ಅವಳು ಮೊದಲ ನಂಬರಿಗೆ ಫೋನ್ ಮಾಡಿದಳು. ಕುರಿ, ದನ ಎರಡನ್ನೂ ಸಾಗಿಸುವ ಅಣ್ಣತಮ್ಮಂದಿರ ಗಾಡಿ ಅದು. ಅಣ್ಣ ಎತ್ತಿಕೊಂಡ. ಹಾರನ್ ವಿಷಯ ಅವನಿಗೂ ತಿಳಿದಿತ್ತು, ಒಂದೆರಡು ಮಾತು ನೊಂದುಕೊಂಡ. ಎರಡು ವರ್ಷದಿಂದ ಯಾರ ಬಾಯಿಂದಲೂ ಬರಬಾರದೆಂದು ಕಾಪಾಡಿದ್ದ ಮಾತನ್ನು, ಮಾವ ಪಕ್ಕದಲ್ಲೇ ಕೂತು ಕೇಳುತ್ತಿರುವಾಗ, ಅವಳೇ ಹೇಳಿದಳು:

“ನಮ್ಮ ಮಾವನಿಗೆ ಕಣ್ಣು ಕಾಣ್ತಿರಲಿಲ್ಲ ಅಣ್ಣ.”

“ಅಯ್ಯೋ, ಅದು ಗೊತ್ತಿರೋದೇ ಅಲ್ವೇನಮ್ಮ,” ಎಂದ ಅವನು. “ಎಲ್ಲರಿಗೂ ಗೊತ್ತು. ಕೋಳಿ ಹಾಗೆ ನೋಡ್ತಾರಲ್ಲ. ಅದಕ್ಕೇನೀಗ? ಅವರು ಬೆಸೆದದ್ದು ಇವತ್ತಿನವರೆಗೂ ಒಂದೂ ಬಿಟ್ಟಿಲ್ಲ. ಕಣ್ಣಿರೋರ ಹತ್ತಿರ ಹೋಗಿ ಮೂರು ಸಲ ಮುರಿಸ್ಕೊಂಡು ಬಂದಿದೀನಿ ನಾನು.”

“ಆದ್ರೂ ಒಂದು ಸಲ ಗಾಡಿ ತನ್ನಿ.”

“ಹಬ್ಬಕ್ಕೆ ಕರೆದ ಹಾಗೆ ಕರೀತಿದೀಯಲ್ಲಮ್ಮ. ಸೀಸನ್ ಮುಗೀಲಿ, ತರ್ತೀನಿ.”

ಅವಳು ಮಾವನ ಕಡೆ ನೋಡಿದಳು. ಅವರಿಗೆ ಆ ಕಡೆಯ ಮಾತೂ ಕೇಳಿಸಿತ್ತು. ಅವನ ದನಿ ಸಣ್ಣದಲ್ಲ. ಅವರ ಮುಖ ಗೋಡೆಯ ಕಡೆ ತಿರುಗಿತ್ತು, ಹಾಗಾಗಿ ಅವರು ಅವಳನ್ನೇ ನೋಡುತ್ತಿದ್ದರು.

“ಅದರ ಮೇಲೆ ಮಾವನ ಕೆಲಸ ಇಲ್ಲ ಅಣ್ಣ,” ಎಂದಳು. “ಅವರು ಮಲಗಿದ್ದಾಗ ನಾನು ತೆಗೆದುಹಾಕಿದೆ. ಮತ್ತೆ ಕಾಯಿಸಿ ಬೆಸೆದೆ. ನಡುಗೇಟಿನ ಕಂಬ, ಹಿಂದಿನ ಬಾಗಿಲಿನ ಕೀಲು, ಎರಡೂ. ಹಾರನ್ ಗಾಡೀಲಿ ಮಾಡಿದ್ದೂ ಅದೇ.”

ಆ ಕಡೆ ಎಲ್ಲೋ ಒಂದು ಬಾಗಿಲು ಹಾಕಿಕೊಂಡ ಸದ್ದು ಬಂತು.

“ತಮ್ಮ ಗಾಡಿ ತಗೊಂಡು ಹೋಗಿದಾನೆ,” ಎಂದ ಅವನು. ದನಿಯೇ ಬೇರೆಯಾಗಿತ್ತು. “ಬೆಳಿಗ್ಗೆ ಹೊರಟ. ಹದಿನಾಲ್ಕು ದನ ಇವೆ ಒಳಗೆ.”

“ಫೋನ್ ಮಾಡಿ. ಎಲ್ಲಿದ್ರೆ ಅಲ್ಲೇ ನಿಲ್ಸೋಕೆ ಹೇಳಿ. ಏನೇ ಆದ್ರೂ ಒಳಗೆ ಹೋಗಬೇಡ ಅನ್ನಿ.”

ಅವನು ಲೈನ್ ಕಡಿದ. ಅವಳು ಎರಡನೇ ನಂಬರ್ ಒತ್ತಿದಳು, ಮತ್ತು ಅದು ರಿಂಗಾಗುತ್ತಿರುವಾಗಲೇ ಮೊದಲಿನಿಂದ ಹೇಳಲು ಶುರುಮಾಡಿದ್ದಳು.