ಕೆರೆ ಬಣ್ಣದ ಅಂಗಿ

ಬೇಸಿಗೆ ಬಂತೆಂದರೆ ನಮ್ಮ ಬೀದಿಯ ಮನೆಗಳು ಮನೆಗಳಲ್ಲ, ಒಲೆಗಳು. ನನ್ನದು ಇಸ್ತ್ರಿ ಅಂಗಡಿ ಬೇರೆ, ಕೇಳಲೇಬೇಡಿ. ಪಕ್ಕದ್ದು ಟೇಲರಕ್ಕನ ಅಂಗಡಿ. ಅವಳ ಏಳು ವರ್ಷದ ಮಗಳನ್ನು ಎಲ್ಲರೂ ಗುಬ್ಬಿ ಅಂತ ಕರೆಯುತ್ತೇವೆ. ರಜೆ ಬಿಟ್ಟಾಗಿನಿಂದ ಗುಬ್ಬಿಯದು ಒಂದೇ ರಾಗ: "ಅಮ್ಮಾ, ಕೆರೆಗೆ ಹೋಗೋಣ."

ನಮ್ಮ ಬಸ್ಸಿನ ಕೊನೇ ಸ್ಟಾಪಿನಲ್ಲೇ ಕೆರೆ. ದಡಕ್ಕೆ ಮರಳು ಹಾಸಿದ್ದಾರೆ. ಮಕ್ಕಳಿಗೆಂದು ಆಳವಿಲ್ಲದ ಕಡೆ ಹಗ್ಗ ಕಟ್ಟಿದ್ದಾರೆ. ಎತ್ತರದ ಕುರ್ಚಿಯಲ್ಲಿ ಲೈಫ್‌ಗಾರ್ಡ್ ಕೂತಿರುತ್ತಾಳೆ. ಭಾನುವಾರ ಬಂದರೆ ಅರ್ಧ ಪೇಟೆ ಅಲ್ಲೇ.

ಟೇಲರಕ್ಕ ಕಡೆಗೂ ಒಪ್ಪಿದಳು. ಆದರೆ ಅಂಗಡಿಯಲ್ಲಿ ಈಜುಡುಗೆ ಕೊಳ್ಳುವುದುಂಟೇ? ಬಟ್ಟೆಯ ತುಂಡುಗಳನ್ನು ಹಿಡಿದು ಒಂದು ಸಂಜೆ ತಾನೇ ಕೆರೆಗೆ ಹೋದಳು. ಒಂದೊಂದನ್ನೂ ನೀರಿನ ಪಕ್ಕ ಹಿಡಿದು ನೋಡಿ, ಹಸಿರು ಬೆರೆತ ನೀಲಿಯನ್ನು ಆರಿಸಿಕೊಂಡು ಬಂದಳು.

"ನೋಡೇ, ಥೇಟ್ ಕೆರೆ ಬಣ್ಣ!" ಅಂತ ನನ್ನೆದುರು ಅಂಗಿ ಹರಡಿದಳು. "ಬಣ್ಣ ಸೇರಿಸೋದು ಅಂದ್ರೆ ಇದು. ದಾರ ಬಟ್ಟೇಲಿ ಕರಗಿಹೋಗ್ಬೇಕು, ಹೊಲಿಗೆ ಕಣ್ಣಿಗೆ ಕಾಣಬಾರದು."

ನಿಜ ಹೇಳಬೇಕು, ಅಂಗಿ ಬಲು ಚೆಂದವಿತ್ತು.

ಭಾನುವಾರ ಎಲ್ಲರೂ ಹೊರಟೆವು. ಟೇಲರಕ್ಕ, ಬಸ್ ಓಡಿಸುವ ಅವಳ ಗಂಡ, ಅತ್ತೆ, ನಾನು, ಗುಬ್ಬಿ. ಮರಳಿನ ಮೇಲೆ ಕಿತ್ತಳೆ ಬಣ್ಣದ ಮೇಜುಬಟ್ಟೆ ಹಾಸಿ ಊಟದ ಡಬ್ಬಿಗಳನ್ನು ಇಟ್ಟಿದ್ದೇ ತಡ, ಗುಬ್ಬಿ ನೀರಿಗೆ ಹಾರಲು ತಯಾರು. ಅಷ್ಟರಲ್ಲಿ ಲೈಫ್‌ಗಾರ್ಡ್ ಹುಡುಗಿ ಕುರ್ಚಿ ಇಳಿದು ಬಂದಳು.

"ಅಕ್ಕಾ, ಅಂಗಿ ತುಂಬಾ ಚೆನ್ನಾಗಿದೆ. ಆದ್ರೆ ನೀರಿಗೆ ಬೇಡ. ಈ ಬಣ್ಣ ನೀರೊಳಗೆ ಕಾಣಲ್ಲ. ಕೆಂಪೋ ಕಿತ್ತಳೆಯೋ ಇದ್ರೆ ಹಾಕಿ."

ಟೇಲರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. "ಬಣ್ಣದ ವಿಷಯ ನನಗೆ ಹೇಳ್ತೀಯಾ ತಾಯಿ? ಹಲ್ಲು ಬಂದಾಗಿಂದ ದಾರ ಕಚ್ಚಿದವಳು ನಾನು. ಅದೂ ಅಲ್ದೆ ದೊಡ್ಡವರು ನಾಲ್ಕು ಜನ ಇದ್ದೀವಿ, ಎಂಟು ಕಣ್ಣು!"

"ಮನೆ ತುಂಬ ಜನ ಇದ್ದಾಗಲೇ ಅಕ್ಕಾ, ಹಾಲು ಉಕ್ಕೋದು. ಒಬ್ಬರೇ ನೋಡಿ ಸಾಕು, ಆದ್ರೆ ಬರೀ ನೋಡ್ತಾ ಇರಿ. ಕೈಗೆ ಸಿಗೋ ದೂರದಲ್ಲಿ ನಿಂತ್ಕೊಳ್ಳಿ."

"ಆಯ್ತು ಆಯ್ತು," ಅಂದಳು ಟೇಲರಕ್ಕ. ಹೇಳಿದ್ದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬಂದಿತ್ತು. ಹುಡುಗಿ ಕುರ್ಚಿಗೆ ವಾಪಸಾದಳು. ಆದರೆ ಅವಳ ಕಣ್ಣು ನಮ್ಮ ಕಡೆಗೇ ಇತ್ತು.

ಗುಬ್ಬಿ ನೀರಿಗಿಳಿದಳು. ಎಂಟು ಕಣ್ಣುಗಳ ಕಥೆ ಕೇಳಿ. ಟೇಲರಕ್ಕನ ಗಂಡ, ನಮ್ಮ ಭಾವ, ಫೋನಿನಲ್ಲಿ ಮುಳುಗಿದರು. ಗುಬ್ಬಿಯ ಅಜ್ಜಿಗೆ ತಂಗಾಳಿಗೆ ಜೊಂಪು ಹತ್ತಿತು. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಟೇಲರಕ್ಕನೋ, ಪಕ್ಕದ ಹೆಂಗಸಿನ ರವಿಕೆ ತೋಳಿನ ಹೊಲಿಗೆ ಯಾಕೆ ಸೊಟ್ಟಗಿದೆ ಅಂತ ನೋಡುತ್ತಿದ್ದಳು.

ತಿರುಗಿ ನೋಡಿದರೆ ನೀರಿನಲ್ಲಿ ಗುಬ್ಬಿ ಇಲ್ಲ.

"ರೀ, ಗುಬ್ಬಿ ಎಲ್ಲಿ?"

"ನೀನು ನೋಡ್ತಿದ್ದೆ ಅಲ್ವಾ?"

"ನೀವು ನೋಡ್ತಿದ್ದೀರಾ ಅಂದ್ಕೊಂಡೆ ನಾನು!"

ನಾನು ಚಾಕು ಬಿಸಾಕಿ ಎದ್ದೆ. ಟೇಲರಕ್ಕ ಚಪ್ಪಲಿಯಲ್ಲೇ ನೀರಿಗೆ ನುಗ್ಗಿದಳು. ಎತ್ತ ನೋಡಿದರೂ ನೀರು, ಹಸಿರು ಬೆರೆತ ನೀಲಿ ನೀರು. ಲೈಫ್‌ಗಾರ್ಡ್ ಆಗಲೇ ಓಡಿಬರುತ್ತಾ ಕೂಗಿದಳು: "ಅಕ್ಕಾ, ನಿಮ್ಮ ಮುಂದೇನೇ!"

ಟೇಲರಕ್ಕನ ಮೊಣಕಾಲಿನ ಹತ್ತಿರವೇ ನೀರು ಬುಳಕ್ಕೆಂದು, ಗುಬ್ಬಿ ತಲೆ ಎತ್ತಿದಳು. "ಅಮ್ಮಾ, ನೋಡು, ಎಂಥಾ ಕಲ್ಲು ಸಿಕ್ತು!"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗಾಯಿತು. ಆದರೆ ಟೇಲರಕ್ಕ ನಗಲಿಲ್ಲ. ಮಗಳನ್ನು ಅವುಚಿಕೊಂಡು ಬಂದು ಮರಳಿನಲ್ಲಿ ಕೂತಳು.

"ಕಾಲ ಹತ್ರ ಇದ್ದ ಮಗು ನನಗೆ ಕಾಣಲಿಲ್ಲವಲ್ಲೇ," ಅಂದಳು ನನಗೆ. "ಹೊಲಿಗೆ ಮುಚ್ಚಿಟ್ಟ ಹಾಗೆ ಮಗಳನ್ನೇ ಮುಚ್ಚಿಟ್ಟೆ."

ಗುಬ್ಬಿಯ ಮುಖ ಸಣ್ಣದಾಯಿತು. "ಅಮ್ಮಾ, ಈಗ ಮನೆಗಾ?"

"ಯಾರೇ ಹೇಳಿದ್ದು ಮನೆಗೆ ಅಂತ?" ಟೇಲರಕ್ಕ ಕಣ್ಣೊರೆಸಿಕೊಂಡು ಎದ್ದಳು. "ಅತ್ತೇ, ಡಬ್ಬಿ ಎತ್ತಿ!"

ಅವಳ ಚೀಲದಲ್ಲಿ ಊಟ ಇಲ್ಲದಿದ್ದರೂ ಕತ್ತರಿ ಇರುತ್ತದೆ. ಕಿತ್ತಳೆ ಮೇಜುಬಟ್ಟೆ ಚರ್ರನೆ ಹರಿಯಿತು. ಅಂಗಿಯ ಎದೆಗೆ, ಬೆನ್ನಿಗೆ, ಭುಜಕ್ಕೆ ಅಗಲವಾದ ಪಟ್ಟಿಗಳು ಬಿಗಿಯಾಗಿ ಕೂತವು. ಕೈಗೆ ಸಿಕ್ಕಿದ್ದು ಕಪ್ಪು ದಾರ. ಟೇಲರಕ್ಕನ ಹೊಲಿಗೆ ಎದ್ದು ಕಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಟ್ಟಿಗೆ ಇಸ್ತ್ರಿ ಇಲ್ಲವಲ್ಲ ಅಂತ ನನ್ನ ಕೈ ನವೆಯುತ್ತಿತ್ತು.

ಆಮೇಲೆ ಅವಳು ಅಳತೆಯ ಟೇಪು ತೆಗೆದು ಗಂಡನ ಕೊರಳಿಗೆ ಹಾಕಿದಳು. "ಇದು ಕೊರಳಲ್ಲಿರೋ ತನಕ ಫೋನ್ ಇಲ್ಲ, ಹರಟೆ ಇಲ್ಲ. ಮಗಳ ಪಕ್ಕ ನೀರಲ್ಲೇ ನಿಲ್ಬೇಕು. ಸಾಕಾದ್ರೆ ಇನ್ನೊಬ್ಬರ ಕೊರಳಿಗೆ ಹಾಕಿ, ಆಮೇಲೆ ಬನ್ನಿ."

"ಮದುವೆಯಾದಾಗಿಂದ ನನ್ನ ಅಳತೆ ತೆಗೀತಾನೇ ಇದ್ದೀಯ," ಅಂದರು ಭಾವ, "ಈಗ ಟೇಪನ್ನೇ ಕಟ್ಟಿಬಿಟ್ಟೆ." ಆದರೂ ಫೋನು ಅವಳ ಕೈಗಿತ್ತು ನೀರಿಗಿಳಿದರು.

ಲೈಫ್‌ಗಾರ್ಡ್ ಕುರ್ಚಿಯ ಮೇಲಿಂದ ಚಪ್ಪಾಳೆ ತಟ್ಟಿದಳು. ಗುಬ್ಬಿ ಮುಳುಗಿದರೂ ಎದ್ದರೂ ನೀರಿನಲ್ಲಿ ಕಿತ್ತಳೆ ಬಣ್ಣ ಮಿನುಗುತ್ತಿತ್ತು. ಬಟ್ಟೆ ಎತ್ತಿಕಟ್ಟಿಕೊಂಡು ಅಜ್ಜಿಯೂ ಸರದಿ ನಿಂತರು. ಸರದಿ ಮುಗಿದರೂ ಟೇಪು ಬಿಟ್ಟುಕೊಡಲು ಅವರು ಸುತರಾಂ ಒಪ್ಪಲಿಲ್ಲ! ಅಕ್ಕಪಕ್ಕದ ತಾಯಂದಿರೂ ಮಕ್ಕಳನ್ನು ಕರೆದುಕೊಂಡು ಪಟ್ಟಿ ಹಾಕಿಸಿಕೊಳ್ಳಲು ಬಂದರು. ಮೇಜುಬಟ್ಟೆ ಪೂರ್ತಿ ಮುಗಿಯಿತು. ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಅಷ್ಟು ರುಚಿಯಾದ ಊಟ ನಾನು ಉಂಡದ್ದೇ ಕಡಿಮೆ.

ಈಗ ಈಜುಡುಗೆ ಹೊಲಿಸಲು ಯಾರೇ ಬರಲಿ, ಬಣ್ಣದ ಮಾತು ಬಂದರೆ ಟೇಲರಕ್ಕ ಹೇಳುವುದು ಒಂದೇ: "ಆಚೆ ದಡದಿಂದ ಕಾಣೋ ಬಣ್ಣ."

ಅಪ್ಪಂದಿರೇ, ಅಮ್ಮಂದಿರೇ, ಈ ಭಾನುವಾರ ನೀವೂ ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗಿ. ಲೈಫ್‌ಗಾರ್ಡ್ ಇರುವ ಕಡೆಗೇ ಹೋಗಿ, ಹಗ್ಗದ ಒಳಗೇ ಆಡಿಸಿ. ಮಕ್ಕಳಿಗೆ ಕಣ್ಣಿಗೆ ಹೊಡೆಯುವ ಬಣ್ಣ ತೊಡಿಸಿ. ಎಷ್ಟೇ ಎದ್ದು ಕಾಣುವ ಬಣ್ಣವಾದರೂ ನೋಡುವ ಕಣ್ಣಿಲ್ಲದಿದ್ದರೆ ಏನು ಬಂತು? ಅದಕ್ಕೇ ಟೇಪೋ, ಟವೆಲ್ಲೋ, ಏನಾದರೊಂದನ್ನು ಒಬ್ಬರ ಕೊರಳಿಗೆ ಹಾಕಿ. ಅದು ಕೊರಳಲ್ಲಿದ್ದಷ್ಟು ಹೊತ್ತು ಅವರು ಮಗುವಿನ ಪಕ್ಕ ಕೈಗೆಟಕುವ ದೂರದಲ್ಲೇ ಇರಲಿ.

ಹೊಲಿಗೆ ಕಾಣದಿದ್ದರೆ ಚೆಂದ. ಮಗು ಮಾತ್ರ ಕಾಣುತ್ತಲೇ ಇರಬೇಕು. ಹೋಗಿ, ಮನಸಾರೆ ನೆನೆದು ಬನ್ನಿ!