ಆಚೆ ಕಡೆ ನಡೆಯದ ಕಾಗದ

ಮುಂದಿನ ಕಾರಿನ ಎಡಗಡೆಯ ಬ್ರೇಕ್ ದೀಪ ಮಾತ್ರ ಉರಿಯುತ್ತಿದೆ, ಬಲಗಡೆಯದು ಸತ್ತಿದೆ, ಇಂಥ ಡಕೋಟ ಗಾಡಿಯನ್ನೂ ಅಮೆರಿಕದವರು ಒಳಗೆ ಬಿಡುತ್ತಾರೆ, ನನ್ನನ್ನು ಮಾತ್ರ — ಥೂ, ಬಾಯಿ ಮುಚ್ಚು, ಎಂದು ಡಾರ್ಲಾ ತನ್ನನ್ನೇ ಗದರಿಕೊಂಡು ವ್ಯಾನನ್ನು ಒಂದು ಮಾರು ಮುಂದಕ್ಕೆ ಬಿಟ್ಟಳು. ಇನ್ನು ಮೂರು ಕಾರು. ಕೆನಡಾ-ಅಮೆರಿಕ ಗಡಿಯ ಪಿಜನ್ ನದಿಯ ಕಡೆಯಿಂದ ಹಿಮದ ಪುಡಿ ಹಾರಿ ಬಂದು ಗಾಜಿಗೆ ಬಡಿಯುತ್ತಿದೆ, ಹಿಂದಿನ ಸೀಟಿನಲ್ಲಿ ಮೂರು ಹುಡುಗಿಯರು ಒಂದು ಚಿಪ್ಸ್ ಪೊಟ್ಟಣಕ್ಕೆ ಕಿತ್ತಾಡುತ್ತಿದ್ದಾರೆ, ಪಕ್ಕದಲ್ಲಿ ಮಗಳು ಕೈಸಾ, ಹದಿನೈದು ವರ್ಷ, ತಂಡದ ನಾಯಕಿ, ಐದು ಪಾಸ್‌ಪೋರ್ಟುಗಳನ್ನು ತೊಡೆಯ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿಕೊಂಡು ಕೂತಿದ್ದಾಳೆ, ಅಮ್ಮಾ, ಈ ಫೋಟೋದಲ್ಲಿ ಥೇಟ್ ಕಳ್ಳಿ ಥರಾನೇ ಇದ್ದೀಯಲ್ಲೇ, ಎಂದು ಅವಳು ಕಿಸಕ್ಕೆಂದಳು, ಡಾರ್ಲಾಳೂ ನಕ್ಕಳು, ನಗದೆ ಇನ್ನೇನು ಮಾಡುತ್ತಾಳೆ ಪಾಪ. ನಾಳೆ ಬೆಳಿಗ್ಗೆ ಎಂಟಕ್ಕೆ ಆಚೆಯ ಡುಲೂತ್‌ನಲ್ಲಿ ಮೊದಲ ಕರ್ಲಿಂಗ್ ಪಂದ್ಯ, ಮಕ್ಕಳು ಇಡೀ ಚಳಿಗಾಲ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಮಂಡಿ ಸವೆಸಿದ್ದು ಇದಕ್ಕೇ, ಕರೆದುಕೊಂಡು ಹೋಗಬೇಕಾಗಿದ್ದವಳು ಹಿಂದೆ ಕೂತಿರುವ ಜೋಸಿಯ ತಾಯಿ ಮೊನೀಕ್, ಬೆಳಿಗ್ಗೆ ಫೋನಿನಲ್ಲಿ ನರಳಿದಳು, ಸೊಂಟ ಹಿಡ್ಕೊಂಡಿದೆ ಕಣೇ, ಬಗ್ಗಿದವಳು ಏಳೋಕೇ ಆಗ್ತಿಲ್ಲ, ನೀನೇ ಹೋಗು, ಹೇಗೂ ಕೋಚ್ ನೀನೇ ತಾನೆ. ಪ್ರತಿ ಸಲ ಗಡಿಯಾಚೆಯ ಪಂದ್ಯಕ್ಕೆ ಡಾರ್ಲಾಳಿಗೆ ಜ್ವರ, ಹಲ್ಲುನೋವು, ಕೆಲಸದಲ್ಲಿ ರಜೆ ಇಲ್ಲ. ಈ ಸಲ ನಾಲ್ಕು ಹುಡುಗಿಯರು ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದರು, ಸುಳ್ಳು ಬಾಯಿಗೆ ಬರಲಿಲ್ಲ.

ಎರಡು ಕಾರು. ಕೈಚೀಲದಲ್ಲಿ ಕ್ಷಮೆಯ ಕಾಗದ ಇದೆ, ಮಡಿಕೆಗಳಲ್ಲಿ ಆಗಲೇ ಸವೆದಿದೆ, ನಿಮ್ಮ ಅಪರಾಧದ ದಾಖಲೆಯನ್ನು ಬೇರೆಯಾಗಿ ಎತ್ತಿಡಲಾಗಿದೆ ಎಂದು ಬರೆದು ಸರ್ಕಾರ ಸಹಿ ಹಾಕಿದೆ, ಶಾಲೆಯವರು ಮಕ್ಕಳಿಗೆ ಆಟ ಕಲಿಸುವವರ ಪೊಲೀಸ್ ತಪಾಸಣೆ ಆಗಲೇಬೇಕು ಎಂದಾಗ ಶುರುವಾದ ಓಡಾಟ, ಹಳೇ ಕೋರ್ಟಿನ ಕಾಗದ, ಹತ್ತೂ ಬೆರಳಿನ ಅಚ್ಚು, ನಡೆದದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ — ಬರೆದಳು, ನಾಲ್ಕು ಸಲ ಹರಿದು ಬರೆದಳು, ಒಂದೂವರೆ ವರ್ಷ ಅಂಚೆಯವನ ದಾರಿ ಕಾದಳು. ಕಾಗದ ಬಂದ ದಿನ ಗಂಡ ಆರ್ನಿ ಕಾಫಿ ಕುಡಿಯುತ್ತ, ಇನ್ನಾದ್ರೂ ಮಗೂಗೆ ಹೇಳ್ಬಿಡು ಡಾರ್ಲಾ, ಹೊರಗಿನೋರ ಬಾಯಲ್ಲಿ ಕೇಳ್ಬಾರ್ದು ಅವಳು, ಅಂದ. ಹೇಳೋಣ, ಹುಟ್ಟುಹಬ್ಬ ಕಳೀಲಿ, ಪರೀಕ್ಷೆ ಮುಗೀಲಿ. ಅರ್ಜಿ ಬರೆದುಕೊಟ್ಟ ಮುದುಕಿ ಎಡ್ನಾ ಅವತ್ತೇ ಬೆರಳೆತ್ತಿ ಹೇಳಿದ್ದಳು, ನೋಡಮ್ಮಾ, ನಮ್ ದೇಶದ ಕ್ಷಮೆ ನಮ್ ದೇಶದೊಳಗೆ, ಆಚೆ ಕಡೆ ಈ ಕಾಗದ ನಡೆಯಲ್ಲ, ಅವರ ಹತ್ರ ಹಳೇ ದಾಖಲೆ ಇದ್ರೆ ಇರುತ್ತೆ, ಕೇಳಿದಾಗ ಹೌದು ಅಂದ್ರೆ ವಾಪಸ್ ಕಳಿಸ್ತಾರೆ, ಇಲ್ಲ ಅಂದು ಸಿಕ್ಕಿಬಿದ್ಯೋ, ಈ ಜನ್ಮದಲ್ಲಿ ಆ ಕಡೆ ಕಾಲಿಡೋ ಹಾಗಿಲ್ಲ. ಇರುತ್ತೆ ಅಂದಳೇ, ಇರಬಹುದು ಅಂದಳೇ? ಇದ್ರೆ ಅಂದಳು, ಇದ್ರೆ. ಇಲ್ಲದೆಯೂ ಇರಬಹುದಲ್ಲ, ಮದುವೆಯಾದ ವರ್ಷ ಇದೇ ಗಡಿ ದಾಟಿದ್ದಳು, ಆಗ ಒಬ್ಬ ದಪ್ಪ ಮನುಷ್ಯ ಮುಖವನ್ನೂ ನೋಡದೆ ಹೋಗಿ ಹೋಗಿ ಎಂದು ಕೈ ಬೀಸಿದ್ದ.

ಒಂದು ಕಾರು. ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿದೆ, ಅವತ್ತೂ ಕೈ ಒದ್ದೆಯಾಗಿತ್ತು, ಬಿಯರಿನಿಂದ, ಇಪ್ಪತ್ತಮೂರು ವರ್ಷದ ಹಿಂದೆ, ಯಾರೋ ಹುಡುಗನ ಸಲುವಾಗಿ, ಅವನ ಹೆಸರು ಹೇಳು ಅಂದರೆ ಈಗ ತಡಕಾಡಬೇಕು, ಬಾಟಲಿ ಎತ್ತಿದ್ದು ನೆನಪಿದೆ, ಇಳಿಸಿದ್ದು ನೆನಪಿಲ್ಲ, ರಾಂಡಾ ಎಡಗಣ್ಣು ಮುಚ್ಚಿ ಹಿಡಿದ ಬೆರಳುಗಳ ಸಂದಿಯಿಂದ ರಕ್ತ, ಅಯ್ಯೋ ಡಾರ್ಲಾ ಏನ್ ಮಾಡ್ದೆ, ಎಂದದ್ದು ಅವಳೇ, ಪ್ರಾಣದ ಗೆಳತಿ. ಕಣ್ಣು ಉಳಿಯಿತು, ಹುಬ್ಬು ಎರಡಾಯಿತು. ಅದೇ ಎಡಹುಬ್ಬನ್ನು ವಾರವಾರವೂ ಬೇಕರಿಯಲ್ಲಿ ನೋಡಬೇಕು, ಊರಲ್ಲಿ ಇರುವುದು ಒಂದೇ ಬೇಕರಿ, ನಾಲ್ಕು ವರ್ಷದ ಕೈಸಾ ಒಮ್ಮೆ ಗಲ್ಲಾದ ಮೇಲೆ ಗಲ್ಲ ಊರಿ, ಆಂಟೀ, ಇಲ್ಲಿ ಏನಾಯ್ತು, ಎಂದು ತನ್ನ ಹುಬ್ಬು ತೋರಿಸಿ ಕೇಳಿದಾಗ ಡಾರ್ಲಾ ಅವಳ ತೋಳು ಹಿಡಿದು ಎಳೆದಳು, ರಾಂಡಾ ಬ್ರೆಡ್ ಸುತ್ತುತ್ತ, ಅದಾ, ಕತ್ತಲಲ್ಲಿ ಯಾರೋ ಬಾಗಿಲು ತೆಗೆದ್ರು ಪುಟ್ಟಾ, ನಾನು ಅಡ್ಡ ಇದ್ದೆ, ಎಂದಳು, ಡಾರ್ಲಾಳ ಕಡೆ ನೋಡಲೂ ಇಲ್ಲ. ಕಾಗದ ಬಂದ ವಾರ ಡಾರ್ಲಾ ಧೈರ್ಯ ಮಾಡಿ ಹೇಳಿದಳು, ನಂಗೆ ಕ್ಷಮೆ ಸಿಕ್ತು ಕಣೇ ರಾಂಡಾ. ಹೌದಾ, ಒಳ್ಳೇದಾಯ್ತು ಬಿಡು, ಎಂದು ಅವಳು ಚಿಲ್ಲರೆ ಎಣಿಸಿಕೊಟ್ಟಳು, ನನ್ನನ್ನ ಮಾತ್ರ ಯಾರೂ ಕೇಳ್ಲಿಲ್ಲ. ಆ ಮಾತು ಇವತ್ತಿಗೂ ಮುಳ್ಳಿನ ಹಾಗೆ ಒಳಗೇ ಇದೆ.

ಕಿಟಕಿ ಇಳಿಸಿ ಮೇಡಂ. ಚಳಿ ಮುಖಕ್ಕೆ ರಾಚಿತು, ಸಣ್ಣ ಪ್ರಾಯದ ಅಧಿಕಾರಿ, ಕೆನ್ನೆಯ ಮೇಲೆ ಮೊಡವೆ, ಎಲ್ಲಿಗೆ? ಡುಲೂತ್‌ಗೆ. ಗೆಲ್ಲೋಕೆ ಸಾರ್, ಎಂದು ಹಿಂದಿನಿಂದ ಜೋಸಿ ಕೂಗಿದಳು, ಅವನು ಸಣ್ಣಗೆ ನಕ್ಕ, ತಾಯ್ತಂದೆಯರ ಒಪ್ಪಿಗೆ ಚೀಟಿ ನೋಡಿದ, ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಯಂತ್ರಕ್ಕೆ ಉಜ್ಜಿದ, ನಾಲ್ಕು ಬೇಗ ಬೇಗ ಆದವು, ಐದನೆಯದರಲ್ಲಿ ನಿಂತ. ಪರದೆ ನೋಡುತ್ತಿದ್ದಾನೆ. ಇನ್ನೂ ನೋಡುತ್ತಿದ್ದಾನೆ, ದೇವರೇ, ಯಂತ್ರ ನಿಧಾನ ಇರಬಹುದು, ಚಳಿಗೆ ಯಂತ್ರಗಳೂ ನಿಧಾನ — ಮೇಡಂ, ಯಾವತ್ತಾದ್ರೂ ಪೊಲೀಸ್ರು ನಿಮ್ಮ ಬೆರಳಚ್ಚು ತಗೊಂಡಿದ್ದಾರಾ? ಕೈಸಾ ಗೊಳ್ಳೆಂದು ನಕ್ಕಳು, ನಮ್ಮಮ್ಮಂದಾ? ಲೈಬ್ರರಿ ಪುಸ್ತಕ ಒಂದಿನ ತಡ ಆದ್ರೆ ಅಳೋ ಗಿರಾಕಿ ಸಾರ್ ಇವಳು, ಇಲ್ಲ ಬಿಡಿ. ಇಲ್ಲ. ಮಗಳೇ ಹೇಳಿಯಾಯಿತು, ತಾನು ಬಾಯಿ ಬಿಡುವುದೂ ಬೇಡ, ತಲೆ ಆಡಿಸಿದರೆ ಸಾಕು, ಆದರೆ ಅವನ ಕಣ್ಣು ತನ್ನ ಮೇಲೆಯೇ ಇದೆ, ಅವನಿಗೆ ಗೊತ್ತಿದೆ, ಅಥವಾ ಗೊತ್ತಿಲ್ಲ, ಮಗುವಿನ ಬಾಯಿಂದ ಬಂದ ಸುಳ್ಳಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತೀಯಾ ಡಾರ್ಲಾ, ಅಷ್ಟೂ ಮಾನ ಇಲ್ಲವಾ ನಿನಗೆ — ತಗೊಂಡಿದ್ದಾರೆ, ಎಂದಿತು ಬಾಯಿ. ಯಾಕೆ? ಒಬ್ಬಳ ಮುಖಕ್ಕೆ ಬಾಟಲಿಯಲ್ಲಿ ಹೊಡೆದಿದ್ದೆ, ನಮ್ಮೂರಲ್ಲೇ, ಕ್ಷಮೆ ಸಿಕ್ಕಿದೆ, ಕಾಗದ ಇದೆ ನೋಡಿ. ಕಾಗದ ಇರ್ಲಿ ಮೇಡಂ, ಗಾಡಿ ಪಕ್ಕಕ್ಕೆ ಹಾಕಿ. ಹಿಂದೆ ಚಿಪ್ಸ್ ಪೊಟ್ಟಣದ ಸದ್ದು ನಿಂತಿದೆ. ಪಂದ್ಯ ಹೋಯಿತು, ಹೋಗಲಿ, ಏನಾದರೂ ಕೇಳೇ ಕೈಸಾ, ಬೈಯೇ, ಯಾರಮ್ಮಾ ಅವಳು ಅಂತಾದರೂ ಕೇಳು, ಇಲ್ಲ, ಮಗಳು ಕೇಳುವುದಿಲ್ಲ, ಮುಂದಿನ ಗಾಜನ್ನೇ ನೋಡುತ್ತಿದ್ದಾಳೆ, ಅವಳ ಕೈ ಮೆಲ್ಲಗೆ ಮೇಲೇಳುತ್ತಿದೆ, ಒಂದು ಬೆರಳು, ತನ್ನದೇ ಎಡಹುಬ್ಬಿನ ಮೇಲೆ, ನಟ್ಟನಡುವೆ, ಅಲ್ಲೇ ನಿಂತಿದೆ ಬೆರಳು, ಎಡಹುಬ್ಬಿನ ಮೇಲೆ, ಅಲ್ಲೇ —