ಕೊನೆಯ ಸಾಲಿಗೆ ಮುಟ್ಟದ ಗೊಬ್ಬರ

ಸೂಡಿಯ ಹಸನಬಿಗೆ ಆ ವರ್ಷದ ಬೇಸಿಗೆ ಶೇಂಗಾ ದೊಡ್ಡ ಒಗಟಾಗಿತ್ತು. ಎರಡೆಕರೆ ಹೊಲಕ್ಕೆ ಹನಿ ನೀರಾವರಿಯ ಪೈಪು ಹಾಕಿಸಿದ ಮೇಲಿನ ಮೊದಲ ಬೆಳೆ ಅದು. ೨೦೦೮ರ ಮಾರ್ಚ್ ಹೊತ್ತಿಗೆ ಮೋಟಾರಿನ ಹತ್ತಿರದ ಗಿಡಗಳು ಕಡುಹಸಿರಾಗಿ ಮೊಣಕಾಲು ಮುಟ್ಟುತ್ತಿದ್ದವು. ಮೇಲಿನ ಬದುವಿನ ಕಡೆಯವು ಗೇಣುದ್ದ ಬೆಳೆದು ಹಳದಿ ತಿರುಗಿದ್ದವು.

ಪಕ್ಕದ ಹೊಲದ ಉಡಚಪ್ಪ ನೋಡಿ, "ಆ ಕಡೆ ಮಣ್ಣ ಸರಿ ಇಲ್ಲ. ಇನ್ನೊಂದ್ ಚೀಲ ಯೂರಿಯಾ ಬಿಡ್ರಿ" ಎಂದ. ಹಸನಬಿಯ ಗಂಡ ಜಮಾಲಸಾಬನೂ ತಲೆಯಾಡಿಸಿದ. ಹಸನಬಿ ಒಪ್ಪಲಿಲ್ಲ. ಹೋದ ವರ್ಷ ಅದೇ ಮಣ್ಣಿನಲ್ಲಿ ಜೋಳ ಆಳೆತ್ತರ ಬಂದಿತ್ತು.

ಕಳೆ ತೆಗೆಯಲು ಬಂದಿದ್ದ ಮಾನವ್ವನನ್ನು ಕೇಳಿದಳು. "ಆ ಕಡೆ ನೆಲ ಒಣಗೈತೇನ?"

"ಇಲ್ರಿ. ಎರಡೂ ಕಡೆ ಒಂದ ಥರಾ ಹಸಿ ಐತಿ."

ನೀರು ಮುಟ್ಟುತ್ತಿದೆ. ಹಾಗಾದರೆ ಗೊಬ್ಬರ? ಅದನ್ನು ಜಮಾಲಸಾಬ ಮೋಟಾರಿನ ಬಳಿಯ ಟ್ಯಾಂಕಿನಲ್ಲಿ ಕರಗಿಸಿ ನೀರಿನ ಜೊತೆಗೇ ಬಿಡುತ್ತಿದ್ದ. ಕರಗಿದ ಗೊಬ್ಬರ ಎಲ್ಲಿಯವರೆಗೆ ಹೋಯಿತೆಂದು ಕಣ್ಣಿಗೆ ಕಾಣುವುದಿಲ್ಲ. ಕಾಣುವ ಹಾಗೆ ಮಾಡಿದರೆ ಹೇಗೆ?

ಮರುದಿನ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋದಳು. ಅಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ತಮ್ಮ ತನ್ವೀರನಿಂದ ಜಿಲೇಬಿಗೆ ಹಾಕುವ ಕೆಂಪು ಬಣ್ಣ ತಂದಳು. ಮನೆಯ ಬಿಳಿ ಚಹಾ ಬಸಿಗಳನ್ನು ಸಾಲಿನುದ್ದಕ್ಕೂ ಹನಿ ಬೀಳುವಲ್ಲಿ ಇಟ್ಟಳು.

"ಹೊಲದಾಗ ಜಿಲೇಬಿ ಮಾಡ್ತಿಯೇನ?" ಎಂದ ಜಮಾಲಸಾಬ.

"ನೀವು ದಿನಾ ಹ್ಯಾಂಗ ಬಿಡ್ತೀರಿ ಹಂಗ ಬಿಡ್ರಿ. ನಾ ಬರೇ ನೋಡ್ತೀನಿ."

ಎರಡು ತಾಸು ನೀರು ಹಾಯಿಸಿ, ಕೊನೆಯ ಹತ್ತು ನಿಮಿಷ ಗೊಬ್ಬರ ಬಿಟ್ಟು ಮೋಟಾರು ಬಂದ್ ಮಾಡುವುದು ಅವನ ರೂಢಿ. ಆಮೇಲೆ ನೀರು ಬಿಟ್ಟರೆ ಗೊಬ್ಬರ ತೊಳೆದುಹೋಗುತ್ತದೆಂಬ ಭಯ. ಆ ದಿನ ಗೊಬ್ಬರದ ಬದಲು ಬಣ್ಣ ಬಿಟ್ಟ.

ಮೋಟಾರಿನ ಹತ್ತಿರ ಕೂತಿದ್ದ ಮಾನವ್ವ ಮೂರೇ ನಿಮಿಷಕ್ಕೆ, "ಇಲ್ಲಿ ಕೆಂಪಾತ್ರಿ" ಎಂದು ಕೂಗಿದಳು. ಮೇಲಿನ ಬದುವಿನಲ್ಲಿ ಕೂತ ಹಸನಬಿ ಹನಿಯಿಂದ ಕಣ್ಣು ತೆಗೆಯಲಿಲ್ಲ. ಹತ್ತು ನಿಮಿಷವಾಯಿತು, ಮೋಟಾರು ನಿಂತಿತು. ಅವಳ ಬಸಿಯಲ್ಲಿ ಬರೀ ತಿಳಿನೀರು.

"ಅಕ್ಕಾರ, ಮೋಟಾರ್ ನಿಂತ್ರೂ ನನ್ನ ಕಡೆ ಇನ್ನೂ ತೊಟ್ಟಿಕ್ಕಾಕತ್ತೈತಿ" ಎಂದು ಕೆಳಗಿನಿಂದ ಕೂಗಿದಳು ಮಾನವ್ವ.

ಹಸನಬಿ ಇಳಿದು ಬಂದು ನೋಡಿದಳು. ಹೊಲ ಮೋಟಾರಿನ ಕಡೆಗೆ ಇಳಿಜಾರು. ಪೈಪಿನಲ್ಲಿ ಉಳಿದ ಬಣ್ಣದ ನೀರೆಲ್ಲ ವಾಪಸು ಹರಿದು ಕೆಳಗಿನ ಗಿಡಗಳಿಗೇ ಬೀಳುತ್ತಿತ್ತು. ಮೊದಲೇ ಹೊಟ್ಟೆ ತುಂಬಿದವಕ್ಕೆ ಮತ್ತೊಮ್ಮೆ ಊಟ.

ಮುಂದಿನ ಸಲ ಅರ್ಧ ತಾಸು ಬರೀ ನೀರು ಬಿಡಿಸಿ, ಆಮೇಲೆ ಹತ್ತು ನಿಮಿಷ ಬಣ್ಣ ಬಿಡಿಸಿದಳು; ಬಣ್ಣ ಮುಗಿದರೂ ಮೋಟಾರು ನಿಲ್ಲಿಸಬೇಡಿ ಎಂದಳು. ಬಣ್ಣ ಬಿಟ್ಟ ಇಪ್ಪತ್ತೊಂದನೇ ನಿಮಿಷಕ್ಕೆ ಕೊನೆಯ ಬಸಿ ಕೆಂಪಾಯಿತು. ಮತ್ತೆ ತಿಳಿಯಾಗುವವರೆಗೂ ಅವಳು ಏಳಲಿಲ್ಲ.

"ಗೊಬ್ಬರ ನಡುವ ಬಿಡೋಣು. ಹಿಂದ ಮುಂದ ಅರ್ಧರ್ಧ ತಾಸು ಬರೇ ನೀರು" ಎಂದಳು.

"ಅಷ್ಟರಾಗ ಕರೆಂಟ್ ಹೋದ್ರ?"

"ಹೋದ್ರ ಹೋಗ್ಲಿ. ಒಮ್ಮೆಲೇ ಚೀಲಗಟ್ಟಲೆ ಹಾಕೂದು ಬ್ಯಾಡ. ವಾರಕ್ಕ ಇಷ್ಟಿಷ್ಟ ಬಿಟ್ರ ಹಾಳಾದ್ರೂ ಇಷ್ಟ ಹಾಳಾಗ್ತೈತಿ."

ಮೇ ತಿಂಗಳಲ್ಲಿ ಗಿಡ ಕಿತ್ತರು. ಮೇಲಿನ ಬದುವಿನ ಗಿಡಗಳು ತಡವಾಗಿ ಚೇತರಿಸಿಕೊಂಡಿದ್ದವು. ಗಿಡಕ್ಕೆ ಹದಿನೇಳು ಕಾಯಿ. ನಡುವಿನ ಸಾಲುಗಳಲ್ಲಿ ಇಪ್ಪತ್ತಾರು. ಅಷ್ಟೆತ್ತರ ಬೆಳೆದಿದ್ದ ಮೋಟಾರಿನ ಹತ್ತಿರದ ಗಿಡಗಳಲ್ಲಿ ಹನ್ನೊಂದೇ. ಜಮಾಲಸಾಬ ಒಂದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದ.

"ಇಷ್ಟ ಹಸರ ಇತ್ತಲ್ಲ, ಕಾಯಿ ಎಲ್ಲಿ ಹೋದೂ?"

"ಯೂರಿಯಾ ಜಾಸ್ತಿ ಆಗಿ ಬರೇ ಸೊಪ್ಪ ಬೆಳದೈತಿ" ಎಂದಳು ಹಸನಬಿ. ಕಾಯಿ ಎಣಿಸಿದ ಮೇಲೆಯೇ ಅವಳಿಗೂ ಅದು ಹೊಳೆದದ್ದು.

ಮರುವರ್ಷ ಯೂರಿಯಾ ಅರ್ಧಕ್ಕಿಳಿಯಿತು. ಕೆಳಗೆ, ಮೇಲೆ ಒಂದೇ ಬಣ್ಣದ ಬೆಳೆ ನಿಂತಿತು. ಅದನ್ನು ನೋಡಿಕೊಂಡು ಉಡಚಪ್ಪ ತನ್ನ ಮೆಣಸಿನಗಿಡಕ್ಕೂ ಪೈಪು ಹಾಕಿಸಿದ.

"ನಮ್ಮಲ್ಲೂ ಇಪ್ಪತ್ತೊಂದ ನಿಮಿಷ ಅಂತ ಹಿಡೀಲೇನ್ರಿ?" ಎಂದು ಕೇಳಲು ಬಂದ.

"ನಿಮ್ಮ ಪೈಪ್ ಎಷ್ಟುದ್ದ ಐತೋ ನನಗೇನ ಗೊತ್ತು? ನಡೀರಿ, ನೋಡೋಣು" ಎಂದು ಹಸನಬಿ ಬದು ದಾಟಿದಳು.